ಬಲಗಿವಿಗೆ ಬಿದ್ದ ಮಾತು

ನನ್ನ ಬಲಗಿವಿ ಸೋರುತ್ತಿತ್ತು. ಇಷ್ಟನ್ನು ನೇರವಾಗಿ ಬರೆಯುವ ಧೈರ್ಯ ಬರಲು ನಾನು ಮಿಲಿಟರಿ ಸೇರಬೇಕಾಯಿತು ಎಂದರೆ ನೀವು ನಗಬಹುದು. ನಗಿ, ಪರವಾಗಿಲ್ಲ. ಕೈ ಮುರಿದರೆ, ಕಾಮಾಲೆಯಾದರೆ, ನಾಯಿ ಕಚ್ಚಿದರೆ ನಮ್ಮ ಕಡೆ ಊರಿಗೆ ಊರೇ ಬಂದು ವಿಚಾರಿಸಿಕೊಂಡು ಹೋಗುತ್ತದೆ. ಕಿವಿ ಸೋರುವ ಹುಡುಗಿಯನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ. ಪಕ್ಕದಲ್ಲಿ ಕೂತವರು ಸ್ವಲ್ಪ ಸರಿದು ಕೂರುತ್ತಾರೆ, ಅಷ್ಟೆ.

ಜಡೆ ಹೆಣೆದುಕೊಳ್ಳುವಾಗ ಒಂದಿಷ್ಟು ಕೂದಲನ್ನು ಕಿವಿಯ ಮೇಲೆ ಇಳಿಬಿಡುವ, ವೇಲಿನ ತುದಿಯಲ್ಲಿ ಹತ್ತಿ ಗಂಟು ಕಟ್ಟಿಕೊಂಡು ಓಡಾಡುವ, ತರಗತಿಯಲ್ಲಿ ಯಾವಾಗಲೂ ಗೋಡೆಯ ಪಕ್ಕದ ಜಾಗಕ್ಕೇ ಜಗಳವಾಡುವ ಹುಡುಗಿಯರು ಈಗಲೂ ಇದ್ದಾರೆ ಎಂದು ನನಗೆ ಗೊತ್ತು. ನಾನೂ ಹಾಗೆಯೇ ಕೂರುತ್ತಿದ್ದೆ, ಬಲಗಡೆ ಗೋಡೆ, ಎಡಗಡೆ ಪ್ರಪಂಚ. ಇದನ್ನು ಅವರಿಗಾಗಿ ಬರೆಯುತ್ತಿದ್ದೇನೆ.

ನಮ್ಮದು ಕುದೂರಿನ ಪಕ್ಕದ ಒಂದು ಹಳ್ಳಿ. ಅಪ್ಪ ರೇಷ್ಮೆ ಬೆಳೆಯುತ್ತಾನೆ. ಮನೆಯ ಹಿಂದೆ ಹುಳು ಸಾಕುವ ಉದ್ದನೆಯ ಮನೆ, ಅದರಾಚೆ ಹಿಪ್ಪುನೇರಳೆ ತೋಟ. ಮನೆಯಲ್ಲಿ ಅಪ್ಪ, ಅಮ್ಮ, ನಾನು, ಮತ್ತು ನಮ್ಮೆಲ್ಲರ ಮೇಲೆ ಅಜ್ಜಿ. ಅಜ್ಜಿ ಎಂದರೆ ಅಪ್ಪನ ತಾಯಿ ಚಿಕ್ಕತಾಯಮ್ಮ. ತೋಟದ ಈ ಬದುವಿನಲ್ಲಿ ನಿಂತು ಆ ಬದುವಿನವರನ್ನು ಕರೆದು ಕರೆದು ಅವಳ ದನಿ ಆ ಎತ್ತರದಲ್ಲೇ ನಿಂತುಬಿಟ್ಟಿದೆ. ಉಪ್ಪು ಕೇಳಿದರೂ ಪಕ್ಕದ ಮನೆಗೆ ಕೇಳಿಸುತ್ತದೆ.

ನಾನು ಅಂಬೆಗಾಲಿಡುತ್ತಿದ್ದಾಗ ಶೀತವಾಗಿ, ಕಿವಿ ನೋವಿಗೆ ಅತ್ತು ಅತ್ತು, ಕೊನೆಗೆ ಕಿವಿ ಒಡೆದು ದಿಂಬೆಲ್ಲ ಒದ್ದೆಯಾಯಿತಂತೆ. ಅಲ್ಲಿಂದ ಅಜ್ಜಿಯ ವೈದ್ಯ ಶುರು. ಶನಿವಾರ ಬಂತೆಂದರೆ ಕಬ್ಬಿಣದ ಸೌಟಿನಲ್ಲಿ ಹರಳೆಣ್ಣೆ ಹಾಕಿ, ಬೆಳ್ಳುಳ್ಳಿ ಜಜ್ಜಿ ಬಿಟ್ಟು ಕಾಯಿಸಿ, ತನ್ನ ಕೈ ಮೇಲೆ ಒಂದು ತೊಟ್ಟು ಬಿಟ್ಟುಕೊಂಡು ಶಾಖ ನೋಡಿ, ನನ್ನ ತಲೆಯನ್ನು ತೊಡೆಯ ಮೇಲೆ ಒತ್ತಿ ಹಿಡಿದು ಕಿವಿಗೆ ಹುಯ್ಯುತ್ತಿದ್ದಳು. ಎಣ್ಣೆಗೆ ಬಗ್ಗದಿದ್ದಾಗ ತುಂಬೆ ಸೊಪ್ಪಿನ ರಸ. ಅದಕ್ಕೂ ಬಗ್ಗದಿದ್ದಾಗ ಬಾಣಂತಿಯ ಹಾಲು. ಹೌದು, ಊರಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ನನಗೆ ಎದೆ ಝಲ್ಲೆನ್ನುತ್ತಿತ್ತು. ಕೂಸನ್ನು ನೋಡುವ ನೆಪದಲ್ಲಿ ಅಜ್ಜಿ ನನ್ನ ರೆಟ್ಟೆ ಹಿಡಿದು ಎಳೆದೊಯ್ದು, ನಾಲ್ಕು ಮಾತಾಡಿದ ಮೇಲೆ, "ವಸಿ ಈ ಮಗೀನ ಕಿವೀಗೂ ಎರಡು ತೊಟ್ಟು ಬುಡವ್ವ" ಎನ್ನುತ್ತಿದ್ದಳು. ಪಾಪ, ಯಾರೂ ಇಲ್ಲ ಎನ್ನಲಿಲ್ಲ. ಆ ಲೆಕ್ಕದಲ್ಲಿ ಊರಿನ ಅರ್ಧ ಮಕ್ಕಳು ನನ್ನ ಬಲಗಿವಿಗೆ ಒಡಹುಟ್ಟಿದವರು.

ನಡುನಡುವೆ ಕುದೂರಿನ ಆಸ್ಪತ್ರೆಯಲ್ಲಿ ಕೊಟ್ಟ ಹನಿ ಔಷಧಿಯೂ ನಡೆಯುತ್ತಿತ್ತು. ಒಣಗುತ್ತಿತ್ತು, ಮತ್ತೆ ಸೋರುತ್ತಿತ್ತು. ನಾನು ಜನರ ತುಟಿ ನೋಡಿ ಮಾತು ಹಿಡಿಯುವುದನ್ನು ಕಲಿತೆ. ಕೇಳಿಸದಿದ್ದಾಗ ನಕ್ಕು ತಲೆಯಾಡಿಸುವುದನ್ನೂ ಕಲಿತೆ. ಸಂಭಾವಿತ ಹುಡುಗಿ ಎಂದು ನನಗೆ ಹೆಸರು ಬಂದದ್ದು ಹೀಗೆ.

ಮಾಗಡಿಯಲ್ಲಿ ಕಾಲೇಜಿಗೆ ಸೇರಿದ ಮೇಲೆ ಎನ್‌ಸಿಸಿಗೆ ಹೋದೆ. ಪರೇಡಿನಲ್ಲಿ ಪಕ್ಕದವಳ ಕಾಲು ನೋಡಿಕೊಂಡರೆ ಸಾಕು, ಯಾರೂ ಕಿವಿಯ ಹತ್ತಿರ ಬಂದು ಗುಟ್ಟು ಹೇಳುವುದಿಲ್ಲ. ಓಟದಲ್ಲಿ ನನ್ನನ್ನು ಹಿಂದಿಕ್ಕುವವರು ಕಾಲೇಜಿನಲ್ಲಿ ಇರಲಿಲ್ಲ. ಹುಟ್ಟಿದ ಮೇಲೆ ಮೊದಲ ಸಲ ಜನ ನನ್ನನ್ನು ಇನ್ನೊಂದಕ್ಕಾಗಿ ಗುರುತಿಸಿದರು, ಅದರ ರುಚಿ ನನಗೆ ಹತ್ತಿಬಿಟ್ಟಿತು. ಮಿಲಿಟರಿಗೆ ಹೆಣ್ಣುಮಕ್ಕಳನ್ನೂ ಸಿಪಾಯಿಗಳಾಗಿ ತೆಗೆದುಕೊಳ್ಳುತ್ತಾರೆ ಎಂದು ಎನ್‌ಸಿಸಿ ಮೇಡಂ ಹೇಳಿದ ದಿನವೇ ನಿರ್ಧಾರ ಮಾಡಿದೆ. ಇಂಥ ವಯಸ್ಸಿನ ಒಳಗಿರಬೇಕು, ಮದುವೆಯಾಗಿರಬಾರದು ಎಂದು ಷರತ್ತು. ಎರಡನೆಯ ಷರತ್ತು ಕೇಳಿ ನನಗಾದ ಖುಷಿ ಅಮ್ಮನಿಗೆ ಆಗಲಿಲ್ಲ.

ಬರವಣಿಗೆ ಪರೀಕ್ಷೆ ಪಾಸಾಗಿ ಬೆಂಗಳೂರಿನಲ್ಲಿ ಸಿಪಾಯಿಗಳನ್ನು ಆರಿಸಿಕೊಳ್ಳುವ ಭರ್ತಿಗೆ ಕರೆ ಬಂತು. ಆ ವೇಳೆಗೆ ಕಿವಿ ಎಷ್ಟೋ ತಿಂಗಳಿಂದ ಒಣಗಿತ್ತು. ವಾಸಿಯಾಗಿದೆ ಎಂದೇ ನಾನು ನಂಬಿದ್ದೆ. ನಂಬದೆ ಏನು ಮಾಡಲಿ, ನಂಬಿಕೆಯಿಲ್ಲದೆ ಅಷ್ಟು ಓಡಲು ಆಗುತ್ತದೆಯೇ?

ಹೊರಡುವ ಹಿಂದಿನ ದಿನ ಅಜ್ಜಿ ನೀರೊಲೆಗೆ ಬೆಂಕಿ ಹಾಕಿದಳು. ನಮ್ಮಲ್ಲಿ ಒಳ್ಳೆಯ ಕೆಲಸಕ್ಕೆ ಹೊರಟವರಿಗೆ ಎಣ್ಣೆ ನೀರು ಹಾಕಿ ಕಳಿಸಬೇಕು. ನೆತ್ತಿಗೆ ಎಣ್ಣೆ ತಟ್ಟಿ, ಬೆನ್ನು ತಿಕ್ಕಿ, ಕೊನೆಗೆ ವಾಡಿಕೆಯಂತೆ ಸೌಟು ತಂದಳು. "ಡಾಕ್ಟ್ರು ಕಿವಿ ನೋಡ್ತಾರಂತಲ್ಲ, ಕೊಳೆ ಗಿಳೆ ಇದ್ರೆ ಏನಂದ್ಕಂಡಾರು? ತಿರುಗಮ್ಮಿ" ಎಂದಳು. ನಾನೂ ತಿರುಗಿದೆ. ಮನೆಗೆ ನೆಂಟರು ಬರುವ ಮುಂಚೆ ಅಂಗಳ ಸಾರಿಸಿದ ಹಾಗೆ ನನ್ನ ಕಿವಿಯನ್ನು ಸಿದ್ಧ ಮಾಡಿ ಕಳಿಸಿದಳು.

ಓಟದಲ್ಲಿ ಮುಂದಿದ್ದೆ. ಜಿಗಿತಗಳೂ ಮುಗಿದವು. ಮೆಡಿಕಲ್‌ನಲ್ಲಿ ಡಾಕ್ಟರ್ ಮೇಡಂ ಎಡಗಿವಿಗೆ ಬೆಳಕು ಬಿಟ್ಟು ನೋಡಿ ಸರಿ ಎಂದರು. ಬಲಗಿವಿಗೆ ಬಗ್ಗಿದವರು ಹಾಗೇ ನಿಂತರು. ಹಿಂದಿಯಲ್ಲಿ ಏನೋ ಕೇಳಿದರು. ಪಕ್ಕದಲ್ಲಿದ್ದ ಸಿಸ್ಟರು ನಮ್ಮ ಕಡೆಯವರೇ ಇರಬೇಕು, ನಗು ತಡೆದುಕೊಂಡು, "ಏನಮ್ಮ, ಕಿವೀಗೆ ಒಗ್ಗರಣೆ ಹಾಕಿದ್ದೀರಾ? ಬೆಳ್ಳುಳ್ಳಿ ವಾಸ್ನೆ ಬತ್ತಾ ಐತಲ್ಲ" ಎಂದರು. ಸುತ್ತ ನಿಂತ ಹುಡುಗಿಯರು ನಕ್ಕರು. ನಾನೂ ನಕ್ಕೆ. ಕಿವಿಯನ್ನು ಸ್ವಚ್ಛ ಮಾಡಿ ಮತ್ತೆ ನೋಡಿದ ಮೇಲೆ ಯಾರೂ ನಗಲಿಲ್ಲ. ಕಿವಿಯ ತಮಟೆಯಲ್ಲಿ ತೂತಿದೆ, ಇಂಥ ಕಿವಿಯವರನ್ನು ತೆಗೆದುಕೊಳ್ಳುವುದಿಲ್ಲ ಎಂದರು.

ಇನ್ನೊಮ್ಮೆ ತೋರಿಸಿಕೊಳ್ಳಲು ಮಿಲಿಟರಿ ಆಸ್ಪತ್ರೆಗೆ ಹೋಗುವ ಅವಕಾಶವಿತ್ತು, ಹೋದೆ. ಅಲ್ಲಿಯ ವಯಸ್ಸಾದ ಡಾಕ್ಟರು ನನ್ನನ್ನು ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿ, ಒಬ್ಬರಿಂದ ನನ್ನ ಎಡಗಿವಿಯನ್ನು ಬೆರಳಿನಿಂದ ಮುಚ್ಚಿಸಿ, ಕೋಣೆಯ ಆ ತುದಿಯಿಂದ ಪಿಸುಗುಟ್ಟಿದರು. ಕೇಳಿದ್ದನ್ನು ನಾನು ಗಟ್ಟಿಯಾಗಿ ಹೇಳಬೇಕು. ನಾನು ಕಾಯುತ್ತ ನಿಂತೆ. ಯಾವಾಗ ಶುರು ಮಾಡುತ್ತಾರೋ ಎಂದುಕೊಳ್ಳುತ್ತಿರುವಾಗಲೇ ಭುಜ ತಟ್ಟಿ, ಮುಗಿಯಿತು ಎಂದರು. ತುಟಿ ಕಾಣದೆ ನಾನು ಎಷ್ಟು ಕಿವುಡಿ ಎಂದು ನನಗೇ ಗೊತ್ತಿರಲಿಲ್ಲ. ಈ ಸಲಕ್ಕೆ ಅನ್‌ಫಿಟ್. ಆಪರೇಷನ್ ಮಾಡಿಸಿಕೊಂಡು, ತೂತು ಪೂರ್ತಿ ಮುಚ್ಚಿ, ಕಿವಿ ಚೆನ್ನಾಗಿ ಕೇಳಿಸಿದರೆ ಮುಂದಿನ ಭರ್ತಿಗೆ ಮೊದಲಿಂದ ಬಾ ಎಂದರು. ವಯಸ್ಸಿನ ಪ್ರಕಾರ ನನಗೆ ಉಳಿದಿದ್ದದ್ದು ಅದೊಂದೇ ಭರ್ತಿ.

ಅಪ್ಪ ಗೇಟಿನ ಹೊರಗೆ ಹೊಂಗೆ ಮರದ ಕೆಳಗೆ ಬೇರೆ ಹುಡುಗಿಯರ ಅಪ್ಪಂದಿರ ಜೊತೆ ಕಡಲೆಕಾಯಿ ತಿನ್ನುತ್ತಿದ್ದ. ನನ್ನ ಮುಖ ನೋಡಿ ಎದ್ದು, ಪಂಚೆಯ ಮೇಲಿನ ಸಿಪ್ಪೆ ಕೊಡವಿದ. ನಾನು ಎಲ್ಲ ಹೇಳಿದೆ, ಬೆಳ್ಳುಳ್ಳಿಯನ್ನೂ ಸೇರಿಸಿ. ಅವನಿಗೆ ತೂತಿಗಿಂತ ಬೆಳ್ಳುಳ್ಳಿಯೇ ಮನಸ್ಸಿನಲ್ಲಿ ನಿಂತಿತು. ಬಸ್ಸಿನಲ್ಲಿ ಸುಮ್ಮನಿದ್ದವನು ಮನೆಯ ಹೊಸಿಲು ದಾಟುತ್ತಿದ್ದ ಹಾಗೆಯೇ, "ಎಣ್ಣೆ ಉಯ್ದು ಉಯ್ದು ಕಿವಿ ತೂತ್ ಮಾಡ್ಬುಟ್ಟಲ್ಲವ್ವ! ಮಗೀನ ಬಾಳ್ ಹಾಳಾಯ್ತು" ಎಂದು ಕೂಗಿದ.

ಅಜ್ಜಿ ಅವರೆಕಾಯಿ ಸುಲಿಯುತ್ತಿದ್ದಳು. "ನಾನೆಲ್ಲಪ್ಪ ತೂತ್ ಮಾಡ್ದೆ" ಎಂದು ಶುರು ಮಾಡಿದವಳು ಅರ್ಧಕ್ಕೆ ನಿಲ್ಲಿಸಿದಳು. ಎದ್ದು ಹೋಗಿ ಆ ಕಬ್ಬಿಣದ ಸೌಟನ್ನು ಅಟ್ಟದ ಮೇಲಕ್ಕೆ ಎಸೆದಳು. ಆ ಶನಿವಾರ ನೀರೊಲೆ ಉರಿಯಲಿಲ್ಲ. ಅವಳು ತನ್ನ ತಲೆಗೂ ಎಣ್ಣೆ ಮುಟ್ಟಿಸುವುದನ್ನು ಬಿಟ್ಟಳು. ದಿನ ಕಳೆದಂತೆ ಅವಳ ಕೂದಲು ತೆಂಗಿನ ನಾರಿನ ಹಾಗಾಯಿತು. ಅಮ್ಮ ಎಷ್ಟು ಬೇಡಿಕೊಂಡರೂ ತಲೆ ಕೊಡಲಿಲ್ಲ.

ರಾಮನಗರದಲ್ಲಿ ಕಿವಿ ನೋಡುವ ಡಾಕ್ಟರಮ್ಮ ಒಬ್ಬರಿದ್ದಾರೆ ಎಂದು ರೇಷ್ಮೆ ಗೂಡಿನ ಮಾರ್ಕೆಟ್ಟಿನಲ್ಲಿ ಯಾರೋ ಅಪ್ಪನಿಗೆ ಹೇಳಿದ್ದರು. ಹೋದೆವು. ಆ ಕಾಯುವ ಜಾಗದಲ್ಲಿ ಕೂತಾಗ ನನಗಾದ ಸಮಾಧಾನವನ್ನು ಹೇಗೆ ಹೇಳಲಿ! ಬೆಂಚಿನ ತುಂಬ ನನ್ನಂಥವರೇ. ಕನಕಪುರದ ಮುದುಕಪ್ಪ, ಹತ್ತಿ ತುರುಕಿಕೊಂಡ ಕಾಲೇಜು ಹುಡುಗ, ಎಲ್ಲರೂ ಒಂದೊಂದು ಕಡೆಗೆ ತಲೆ ವಾಲಿಸಿ ಕೂತಿದ್ದಾರೆ. ಚನ್ನಪಟ್ಟಣದ ಒಬ್ಬ ತಾಯಿ ತನ್ನ ಪುಟ್ಟ ಮಗಳ ಎಡಗಡೆ ಒಮ್ಮೆ, ಬಲಗಡೆ ಒಮ್ಮೆ ಮರದ ಗಿಲಕಿ ಆಡಿಸಿ ಕೂಸು ಯಾವ ಕಡೆ ತಿರುಗುತ್ತದೆ ಎಂದು ನೋಡುತ್ತಿದ್ದಳು. ಬಲಗಡೆ ಆಡಿಸಿದಾಗಲೂ ಕೂಸು ಎಡಕ್ಕೇ ನೋಡುತ್ತಿತ್ತು. "ನಂಗೂ ಅಂಗೇ ಅಕ್ಕ" ಎಂದೆ. ಅವಳು ಸರಿದು ಕೂರಲಿಲ್ಲ. ಇನ್ನೂ ಹತ್ತಿರ ಬಂದು ಕೂತಳು.

ಡಾಕ್ಟರಮ್ಮ ನನ್ನ ಕಿವಿಯನ್ನು ಪರದೆಯ ಮೇಲೆ ತೋರಿಸಿದರು. ಆ ತೂತು ಚಿಕ್ಕಂದಿನಲ್ಲಿ ಕಿವಿ ಒಡೆದಾಗಿನದು, ಎಣ್ಣೆಯಿಂದ ಆದದ್ದಲ್ಲ ಎಂದರು. ಆದರೆ ಎಣ್ಣೆ, ರಸ, ಹಾಲು ಅಂತ ಏನನ್ನೂ ಹಾಕಬಾರದಿತ್ತು, ಅದನ್ನು ಒಣಗಲು ಬಿಡಬೇಕಿತ್ತು ಎಂದೂ ಹೇಳಿದರು. ಕಿವಿಯ ಮೇಲ್ಗಡೆಯಿಂದ ತೆಳ್ಳನೆಯ ಪೊರೆ ತೆಗೆದು ತೂತಿಗೆ ತೇಪೆ ಹಾಕುವ ಆಪರೇಷನ್ ಇದೆಯಂತೆ. "ಮಿಲಿಟರಿಗೆ ತಗೋತಾರಾ ಮೇಡಂ?" ಎಂದು ಕೇಳಿದೆ. "ತೂತು ಮುಚ್ಚೋದಕ್ಕೆ ನನ್ನ ಕೈಲಾದ್ದು ಮಾಡ್ತೀನಿ. ಕೆಲವರಿಗೆ ಹಿಡಿಯಲ್ಲ, ಸುಳ್ಳು ಹೇಳಲ್ಲ. ತಗೊಳ್ಳೋದು ಬಿಡೋದು ಅವರಿಗೆ ಸೇರಿದ್ದು" ಎಂದರು. ಮುಂದಿನ ಸಲ ಅಜ್ಜಿಯನ್ನೂ ಕರೆದುಕೊಂಡು ಹೋಗಿ ಅವರ ಬಾಯಿಂದಲೇ ಎಣ್ಣೆಯ ವಿಷಯ ಹೇಳಿಸಿದೆವು. ಅಜ್ಜಿ ತಲೆಯಾಡಿಸಿದಳು. ನಾನು ಕೇಳಿಸದಿದ್ದಾಗ ಆಡಿಸುತ್ತೇನಲ್ಲ, ಹಾಗೆ.

ಅಮ್ಮನ ಚಿಂತೆಯೇ ಬೇರೆ. ಕಿವಿಗೆ ಕತ್ತರಿ ಹಾಕಿದರೆ ಬಾಯಿ ಸೊಟ್ಟಗಾಗುತ್ತದೆ ಎಂದು ಯಾರೋ ಹೇಳಿದ್ದರು. ಅದಕ್ಕಿಂತ ಹೆಚ್ಚಾಗಿ, ಹೆಣ್ಣು ನೋಡಲು ಬರುವವರಿಗೆ ತಿಳಿದರೆ ಗತಿಯೇನು? "ಆಪ್ರೇಷನ್ ಅಂತ ಯಾರ್ಗೂ ಬಾಯ್ ಬುಡಬ್ಯಾಡ್ರಿ" ಎಂದು ಎಲ್ಲರಿಂದ ಮಾತು ತೆಗೆದುಕೊಂಡಳು.

ಆಪರೇಷನ್ ದಿನ ಕಿವಿಯ ಸುತ್ತ ಕೂದಲು ಬೋಳಿಸಿದರು. ಅದಕ್ಕೇ ಅತ್ತೆ, ಉಳಿದದ್ದಕ್ಕೆ ಅಳಲಿಲ್ಲ. ನನಗೆ ಪೂರ್ತಿ ಎಚ್ಚರ ತಪ್ಪಿಸಿರಲಿಲ್ಲ, ಕಿವಿಯ ಜಾಗ ಮಾತ್ರ ಮರಗಟ್ಟಿಸಿದ್ದರು. ನೋವಿಲ್ಲ, ಸದ್ದು ಮಾತ್ರ. ತೆಂಗಿನ ಚಿಪ್ಪನ್ನು ಕೆರೆದ ಹಾಗೆ ನನ್ನ ತಲೆಯೊಳಗೆ ಸದ್ದು. ಭಯದಿಂದ ಕಾಲಿನ ಬೆರಳುಗಳೆಲ್ಲ ಮಡಚಿಕೊಂಡಿದ್ದವು. ಹಸಿರು ಬಟ್ಟೆಯ ಕೆಳಗೆ ಯಾರೋ ನನ್ನ ಕೈ ಹಿಡಿದುಕೊಂಡರು. ಮುಗಿಯುವವರೆಗೂ ಬಿಡಲಿಲ್ಲ. ಅವರು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಆ ಕೈಗೆ ನಾನು ಈಗಲೂ ಋಣಿ.

ತಲೆ ಸುತ್ತ ಬ್ಯಾಂಡೇಜು ಸುತ್ತಿಕೊಂಡು ಊರಿಗೆ ಬಂದೆ. ಮುಚ್ಚಿಡುವುದು ಹೇಗೆ? ಸ್ಕೂಟರಿನಿಂದ ಬಿದ್ದಳು ಎಂದು ಅಮ್ಮ ಹೇಳಿಬಿಟ್ಟಳು. ನೋಡಿ ಮಜಾ, ಇಷ್ಟು ವರ್ಷ ಕಿವಿಯನ್ನು ವಿಚಾರಿಸಲು ಬಾರದಿದ್ದ ಊರು ಸ್ಕೂಟರನ್ನು ವಿಚಾರಿಸಲು ಸಾಲುಗಟ್ಟಿ ಬಂತು. ಬಾಳೆಹಣ್ಣು, ಬ್ರೆಡ್ಡು, ಬಿಸ್ಕತ್ತು. ಸ್ಕೂಟರು ಎಲ್ಲಿ ಜಾರಿತು, ಯಾವ ತಿರುವು, ಹಿಂದೆ ಯಾರಿದ್ದರು? ಅಮ್ಮ ಒಬ್ಬೊಬ್ಬರಿಗೆ ಒಂದೊಂದು ತಿರುವು ಹೇಳಿದಳು. ಕೊನೆಗೆ ನಮ್ಮ ಬೀದಿಯ ನಿಂಗಮ್ಮತ್ತೆ, "ಹೆಣ್ಣುಡ್ಗೀರ್ಗೆ ಯಾಕೆ ಬೇಕು ಗಾಡಿ ಗೀಡಿ? ಓಡ್ಸಾಕ್ ಬರ್ದೆ ಬಿದ್ಲು" ಎಂದಳು.

ಮೂಲೆಯಲ್ಲಿ ಕೂತಿದ್ದ ಅಜ್ಜಿಗೆ ತಡೆಯಲಾಗಲಿಲ್ಲ. "ಗಾಡಿಯಿಂದ ಯಾರ್ ಬಿದ್ರು? ನನ್ ಮೊಮ್ಮಗಳು ಬೀಳೋಳಲ್ಲ. ಅವಳ್ಗೆ ಕಿವಿ ಸೋರ್ತಿತ್ತು, ತೂತಾಗಿತ್ತು, ಒಲ್ಸ್ಕಂಡು ಬಂದವ್ಳೆ. ಏನೀಗ?" ಎಂದಳು, ತೋಟಕ್ಕೆ ಕೇಳಿಸುವ ದನಿಯಲ್ಲಿ.

ಅಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಬಂದವರೆಲ್ಲ ಎದ್ದು ಹೋದ ಮೇಲೂ ನಿಂಗಮ್ಮತ್ತೆ ಮಾತ್ರ ಹೋಗಲಿಲ್ಲ. ನನ್ನ ಹತ್ತಿರ ಬಂದು ಮೆಲ್ಲಗೆ, "ಎಲ್ಲಿ ತೋರುಸ್ದೆ ಮಗ? ನಮ್ ಸವಿತಂಗೂ ಮೂರೊತ್ತೂ ಸೋರ್ತದೆ. ಯಾರ್ತಾವೂ ಯೋಳಿಲ್ಲ" ಎಂದಳು. ನಾನು ರಾಮನಗರದ ದಾರಿ ಹೇಳಿದೆ. ಅವಳ ಮಗಳು ಸವಿತ ನನ್ನ ಜೊತೆಯಲ್ಲೇ ಓದಿದವಳು. ತರಗತಿಯ ಇನ್ನೊಂದು ಗೋಡೆಯ ಪಕ್ಕ ಕೂರುತ್ತಿದ್ದಳು.

ಆಮೇಲಿನ ತಿಂಗಳುಗಳಲ್ಲಿ ಅಜ್ಜಿ ನನಗೆ ಕಾವಲು ನಿಂತಳು. ಮೂಗು ಜೋರಾಗಿ ಸೀಟಬಾರದು, ಸೀನು ಬಂದರೆ ಬಾಯಿ ತೆರೆದು ಸೀನಬೇಕು, ಕಿವಿಗೆ ಹನಿ ನೀರು ಹೋಗಬಾರದು, ಭಾರ ಎತ್ತಬಾರದು. ಹುಳುವಿನ ಮನೆಯಲ್ಲಿ ಸುಣ್ಣದ ಪುಡಿ ಉದುರಿಸುತ್ತಾರೆ, ಸೀನು ಬರುತ್ತದೆ ಎಂದು ನನ್ನನ್ನು ಅದರ ಬಾಗಿಲಿಗೂ ಬಿಡಲಿಲ್ಲ. ಯುಗಾದಿಗೆ ಇಡೀ ಊರು ಎಣ್ಣೆ ಹಚ್ಚಿಕೊಂಡು ಮೀಯುತ್ತಿದ್ದಾಗ ನನ್ನನ್ನು ಒಳಗೆ ಕೂರಿಸಿ, ಒದ್ದೆ ಬಟ್ಟೆಯಲ್ಲಿ ಕೈಕಾಲು ಒರೆಸಿ, ಹೊಸ ಬಟ್ಟೆ ಹಾಕಿಸಿದಳು. ತಾನೂ ಎಣ್ಣೆ ಹಚ್ಚಿಕೊಳ್ಳಲಿಲ್ಲ. "ನೀನ್ ಉಯ್ಕಂಡ ದಿನ ನಾನೂ ಉಯ್ಕತೀನಿ" ಎಂದಳು. ಯುಗಾದಿಗೂ ಎಣ್ಣೆ ಮುಟ್ಟದ ಹೆಂಗಸನ್ನು ನಮ್ಮೂರು ಅದೇ ಮೊದಲು ನೋಡಿದ್ದು.

ಕಿವಿಯೊಳಗೆ ತುರುಕಿದ್ದ ಔಷಧಿಯ ಹತ್ತಿ ತೆಗೆದ ದಿನ ಏನೂ ಕೇಳಿಸಲಿಲ್ಲ. ಡಾಕ್ಟರಮ್ಮ, ಊತ ಇಳಿಯುವವರೆಗೆ ಕಾಯಬೇಕು ಎಂದರು. ಕಾಯುವುದು ಹೇಳಿದಷ್ಟು ಸುಲಭವೇ? ಬೆಳಗ್ಗೆ ಏಳುತ್ತಿದ್ದ ಹಾಗೆ ಎಡಗಿವಿ ಮುಚ್ಚಿಕೊಂಡು ಬಲಗಿವಿಯ ಹತ್ತಿರ ಬೆರಳು ಉಜ್ಜುತ್ತಿದ್ದೆ. ಏನೂ ಇಲ್ಲದಾಗ ದಿಂಬಿನಲ್ಲಿ ಮುಖ ಹುದುಗಿಸಿ ಅಳುತ್ತಿದ್ದೆ. ಹಿಡಿಯದವರ ಪೈಕಿ ನಾನೇ ಏಕಾಗಿರಬಾರದು ಎಂದು ಅನಿಸುತ್ತಿತ್ತು. ಓದುತ್ತಿರುವ ನಿಮಗೂ ಆ ದಿನಗಳು ಬಂದರೆ ಅತ್ತುಬಿಡಿ, ಕಿವಿಗೇನೂ ಆಗುವುದಿಲ್ಲ, ನಾನು ಡಾಕ್ಟರನ್ನು ಕೇಳಿದ್ದೇನೆ.

ಒಂದು ಮಧ್ಯಾಹ್ನ ಅಜ್ಜಿ ಇಲ್ಲದಾಗ ಹುಳುವಿನ ಮನೆಯ ಬಾಗಿಲಲ್ಲಿ ನಿಂತಿದ್ದೆ. ರೇಷ್ಮೆ ಹುಳು ಪೊರೆ ಬಿಡುವುದನ್ನು ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯ ಜ್ವರದಿಂದ ಎದ್ದ ಹುಳುಗಳಿಗೆ ಎಲ್ಲಿಲ್ಲದ ಹಸಿವು. ಅವು ಸೊಪ್ಪು ಕಡಿಯುವ ಸದ್ದು ಮಳೆ ಹನಿದ ಹಾಗೆ ಇರುತ್ತದೆ ಎಂದು ಅಪ್ಪ ಯಾವಾಗಲೂ ಹೇಳುತ್ತಿದ್ದ. ಅಭ್ಯಾಸದಂತೆ ಎಡಗಿವಿ ಮುಚ್ಚಿಕೊಂಡೆ. ಸರಸರ, ಸರಸರ. ಹೊರಗೆ ನೋಡಿದೆ, ಬಿಸಿಲು. ಬಲಗಿವಿಯನ್ನೂ ಮುಚ್ಚಿದೆ, ಸದ್ದು ನಿಂತಿತು. ತೆರೆದೆ, ಬಂತು. ಅಲ್ಲೇ ಹೊಸಿಲ ಮೇಲೆ ಕೂತುಕೊಂಡು ಹುಳುಗಳು ಆ ಹೊತ್ತಿನ ಸೊಪ್ಪು ಮುಗಿಸುವವರೆಗೂ ಕೇಳಿದೆ.

ಭರ್ತಿ ಹತ್ತಿರ ಬಂತು. ಓಟ ಮತ್ತೆ ಕೂಡಿಬಂದಿತ್ತು, ಆದರೆ ಆ ಪಿಸುಮಾತಿನ ಪರೀಕ್ಷೆಯ ಹೆದರಿಕೆ ಹೋಗಿರಲಿಲ್ಲ. ಮನೆಯಲ್ಲೇ ಅಭ್ಯಾಸ ಮಾಡೋಣ ಎಂದೆ. ಅಂಗಳದ ಗೋಡೆಗೆ ಮುಖ ಮಾಡಿ, ಎಡಗಿವಿಗೆ ಬೆರಳಿಟ್ಟುಕೊಂಡು ನಾನು ನಿಲ್ಲುವುದು, ಆ ತುದಿಯಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತು ಯಾರಾದರೂ ಪಿಸುಗುಟ್ಟುವುದು, ನಾನು ಗಟ್ಟಿಯಾಗಿ ಹೇಳುವುದು. ಅಮ್ಮನಿಗೆ ನಗು ಬರುತ್ತಿತ್ತು, ಅಪ್ಪನಿಗೆ ಬಿಡುವಿಲ್ಲ. ಅಜ್ಜಿ ಎದ್ದು ನಿಂತಳು.

ಅವಳಿಗೆ ಪಿಸುಗುಟ್ಟಲು ಬರುತ್ತಿರಲಿಲ್ಲ. ಮೊದಲ ದಿನ ಅವಳು "ಅವರೆಕಾಯಿ" ಎಂದು ಪಿಸುಗುಟ್ಟಿದ್ದಕ್ಕೆ ಎದುರು ಮನೆಯವರು, "ಎಷ್ಟಕ್ ಕೊಟ್ಯವ್ವ?" ಎಂದು ಕೇಳಿದರು. ಬರಬರುತ್ತ ಕಲಿತಳು. ಬದನೆಕಾಯಿ, ಹುರುಳಿಕಾಳು, ಮಾಗಡಿ ಬಸ್ಸು. ತರಕಾರಿ ಮುಗಿದ ಮೇಲೆ ಮನೆಯ ಗುಟ್ಟುಗಳಿಗೆ ಇಳಿದಳು. "ನಿಮ್ಮಪ್ಪ ಹುಳಿನ್ ಮನೆ ಹಿಂದ್ಗಡೆ ಬೀಡಿ ಸೇದ್ತಾನೆ" ಎಂದು ಒಮ್ಮೆ ಪಿಸುಗುಟ್ಟಿದ್ದನ್ನು ನಾನು ನಿಯಮದ ಪ್ರಕಾರ ಗಟ್ಟಿಯಾಗಿ ಹೇಳಿದ್ದೇ ತಡ, ಅಮ್ಮ ಅಪ್ಪನನ್ನು ಹುಡುಕಿಕೊಂಡು ಹೋದಳು. ಹೀಗೆ ನಮ್ಮ ಅಭ್ಯಾಸ ಬಹಳ ಚೆನ್ನಾಗಿ ನಡೆಯುತ್ತಿತ್ತು.

ಹೊರಡುವ ದಿನ ಹತ್ತಿರವಾದಾಗ ಒಂದು ಸಂಜೆ ಹಾಗೇ ಗೋಡೆಗೆ ಮುಖ ಮಾಡಿ ನಿಂತಿದ್ದೆ. ಹಿಂದಿನಿಂದ ಏನೂ ಬರಲಿಲ್ಲ. ಅಜ್ಜಿ ಏನು ಹೇಳಲಿ ಎಂದು ಹುಡುಕುತ್ತಿದ್ದಾಳೆ ಎಂದುಕೊಂಡೆ. ಆಮೇಲೆ ಬಂತು, ಅವಳ ಬಾಯಿಂದ ನಾನೆಂದೂ ಕೇಳಿರದಷ್ಟು ಸಣ್ಣ ದನಿ.

"ನಿನ್ ಕಿವಿ ಹಾಳ್ ಮಾಡ್ದೋಳು ನಾನೇ ಕಣ್ ಮಗ. ತಪ್ಪಾಗೋಯ್ತು."

ಒಂದೊಂದು ಅಕ್ಷರವೂ ಕೇಳಿಸಿತು. ಕೇಳಿದ್ದನ್ನು ಗಟ್ಟಿಯಾಗಿ ಹೇಳಬೇಕು. ಆ ಮಾತನ್ನು ನನ್ನ ಬಾಯಿಂದ ಹೇಗೆ ಹೇಳಲಿ? ಗೋಡೆ ನೋಡುತ್ತಲೇ, "ಕೇಳಿಸ್ಲಿಲ್ಲ ಅಜ್ಜಿ" ಎಂದುಬಿಟ್ಟೆ.

"ಅಯ್ಯೋ ಶಿವ್ನೇ!" ಎಂದು ಅಜ್ಜಿ ಕೂಗಿದ್ದಕ್ಕೆ ಕಾಗೆಗಳು ಹಾರಿದವು. "ಲೇ ಕುಮಾರ, ಓಡ್ ಬಾರ್ಲಾ! ಮಗೀಗ್ ಕೇಳುಸ್ತಿಲ್ವಂತೆ! ಮತ್ತೆ ತೂತ್ ಬಿತ್ತು ಕಣ್ಲಾ!" ಎಂದು ಅಪ್ಪನನ್ನು ಕರೆದಳು. ಅಪ್ಪ ತೋಟದಿಂದ ಕುಡುಗೋಲು ಹಿಡಿದೇ ಓಡಿಬಂದ. ಅಮ್ಮ ಮುದ್ದೆ ತೊಳಸುತ್ತಿದ್ದ ಕೈಯಲ್ಲೇ ಬಂದಳು. ಅಪ್ಪ ಆಗಲೇ ಬೈಕಿನ ಕೀಲಿ ಹುಡುಕುತ್ತಿದ್ದಾನೆ.

"ಕೇಳಿಸ್ತು, ಕೇಳಿಸ್ತು!" ಎಂದು ನಾನು ತಿರುಗಿ ನಿಂತು ಅವರಿಗಿಂತ ಜೋರಾಗಿ ಕೂಗಬೇಕಾಯಿತು.

"ಏನ್ ಕೇಳಿಸ್ತು ಹೇಳು ಮತ್ತೆ" ಎಂದ ಅಪ್ಪ, ನಂಬದೆ.

ಅಜ್ಜಿ ನನ್ನನ್ನೇ ನೋಡುತ್ತಿದ್ದಳು. "ಅವರೆಕಾಯಿ" ಎಂದೆ.

ಅವರಿಬ್ಬರೂ ಬೈದುಕೊಂಡು ಹೋದರು. ಅಜ್ಜಿ ಕಲ್ಲಿನ ಮೇಲೆ ಕುಸಿದು ಕೂತಳು. ನಾನು ಹೋಗಿ ಅವಳ ತೊಡೆಯ ಮೇಲೆ ತಲೆಯಿಟ್ಟೆ, ಬಲಗಿವಿ ಮೇಲೆ ಮಾಡಿ, ಆ ಶನಿವಾರಗಳಂತೆ. "ಡಾಕ್ಟರಮ್ಮ ಹೇಳ್ಲಿಲ್ವಾ ಅಜ್ಜಿ, ಎಣ್ಣೆಯಿಂದ ಆದ ತೂತಲ್ಲ ಅಂತ?" ಎಂದೆ.

"ಅವ್ರೇನೋ ಯೋಳುದ್ರು. ನೀನ್ ಒಂದ್ ಸಲನಾದ್ರೂ ಬಾಯ್ ಬುಟ್ಟು ಯೋಳ್ದಾ?"

ಹೇಳಿರಲಿಲ್ಲ. ಡಾಕ್ಟರು ಹೇಳಿದ ಮೇಲೆ ಆಯಿತಲ್ಲ ಎಂದುಕೊಂಡಿದ್ದೆ. "ನೀನ್ ಹಾಳ್ ಮಾಡ್ಲಿಲ್ಲ ಅಜ್ಜಿ. ಊರ ತುಂಬ ನನ್ನ ಕಿವೀನ ವಿಚಾರಿಸ್ಕಂಡೋಳು ನೀನೊಬ್ಬಳೇ" ಎಂದೆ. ಅವಳು ಕಿವಿಯ ಹಿಂದೆ ಮತ್ತೆ ಬೆಳೆಯುತ್ತಿದ್ದ ಮೋಟು ಕೂದಲನ್ನು ಸವರುತ್ತ ಕೂತಳು. ಮರುದಿನ ಅಮ್ಮನನ್ನು ಕರೆದು, ತಲೆಗೆ ಎಣ್ಣೆ ಹಚ್ಚೆಂದು ಕೂತಳು.

ಎರಡನೆಯ ಮೆಡಿಕಲ್‌ನಲ್ಲಿ ಕಿವಿಯ ಹಿಂದಿನ ಗಾಯದ ಗೆರೆ ನೋಡಿ ನನ್ನನ್ನು ಪಕ್ಕಕ್ಕೆ ನಿಲ್ಲಿಸಿದರು. ಮತ್ತೆ ಅದೇ ಮಿಲಿಟರಿ ಆಸ್ಪತ್ರೆ, ಅಂಥದೇ ಗೋಡೆ. ನನ್ನ ಎದೆ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತೆಂದರೆ ಅದರ ಸದ್ದಿನಲ್ಲಿ ಬೇರೇನೂ ಕೇಳಿಸುವುದಿಲ್ಲವೇನೋ ಎಂದು ಹೆದರಿದೆ. ಹಿಂದಿನಿಂದ ಹಿಂದಿಯಲ್ಲಿ ಒಂದು ಸಂಖ್ಯೆ ಬಂತು, ಸಣ್ಣಗೆ, ಒಣ ಎಲೆ ಸರಿದ ಹಾಗೆ. ಗಟ್ಟಿಯಾಗಿ ಹೇಳಿದೆ. ಇನ್ನೊಂದು. ಹೇಳಿದೆ. ಮತ್ತೊಂದು. ಅಜ್ಜಿಯ ಜೊತೆ ಅಭ್ಯಾಸ ಮಾಡಿದವಳ ದನಿ, ಇಡೀ ಆಸ್ಪತ್ರೆಗೆ ಕೇಳಿಸಿರಬೇಕು. "ಧೀರೇ ಬೋಲೋ", ಮೆಲ್ಲಗೆ ಹೇಳು, ಎಂದು ಡಾಕ್ಟರು ನಗುತ್ತ ಮುಂದೆ ಬಂದು, ಕಿವಿಯನ್ನು ಇನ್ನೊಮ್ಮೆ ನೋಡಿ, ಫಿಟ್ ಎಂದರು. ಹೊರಗೆ ಹೊಂಗೆ ಮರದ ಕೆಳಗೆ ಅಪ್ಪ ಈ ಸಲ ಕಡಲೆಕಾಯಿ ಕೊಂಡಿರಲಿಲ್ಲ. ನನ್ನ ಮುಖ ನೋಡಿದ ಮೇಲೆ ಹೋಗಿ ಕೊಂಡು ತಂದ.

ತರಬೇತಿ ಮುಗಿದು ಈಗ ನಾನಿರುವ ಊರಿನ ಹೆಸರನ್ನು ಬರೆಯುವಂತಿಲ್ಲ. ಚಳಿ ಜಾಸ್ತಿ, ರಾಗಿ ಸಿಗುವುದಿಲ್ಲ, ಇಷ್ಟು ಹೇಳಬಹುದು. ಶೀತವಾದರೆ ಇವತ್ತಿಗೂ ಭಯವಾಗುತ್ತದೆ. ಮೀಯುವಾಗ ವ್ಯಾಸಲೀನ್ ಹಚ್ಚಿದ ಹತ್ತಿಯನ್ನು ಕಿವಿಗೆ ಇಟ್ಟುಕೊಳ್ಳುತ್ತೇನೆ. ಸವಿತಳ ಆಪರೇಷನ್ನೂ ಆಯಿತಂತೆ. ಅವಳನ್ನು ನೋಡಲು ಊರವರು ಬಾಳೆಹಣ್ಣು ತಂದರಂತೆ, ಸ್ಕೂಟರಿನ ಮಾತೇ ಬರಲಿಲ್ಲವಂತೆ.

ಭಾನುವಾರ ಮನೆಗೆ ಫೋನ್ ಮಾಡುತ್ತೇನೆ. ಅಜ್ಜಿಯ ಮೊದಲ ಪ್ರಶ್ನೆ ಊಟದ್ದಲ್ಲ. "ಯಾವ್ ಕಿವೀಲಿಟ್ಕಂಡಿದ್ದೀ?" ಎನ್ನುತ್ತಾಳೆ. "ಬಲಗಿವೀಲಿ ಅಜ್ಜಿ" ಎಂದ ಮೇಲೆ ಪರೀಕ್ಷೆ. ಅವಳು ಊರಿನಿಂದ ಪಿಸುಗುಟ್ಟುವುದು, ನಾನು ಇಲ್ಲಿ ಬ್ಯಾರಕ್ಕಿನಲ್ಲಿ ನಿಂತು "ಬದನೆಕಾಯಿ! ಹುರುಳಿಕಾಳು!" ಎಂದು ಕೂಗುವುದು. ಜೊತೆಯಲ್ಲಿರುವ ಹರಿಯಾಣದ ಹುಡುಗಿಯರಿಗೆ ಅದು ನಮ್ಮ ಕಡೆಯ ಯಾವುದೋ ಪ್ರಾರ್ಥನೆ ಎಂದು ನಂಬಿಕೆ. ನಾನೂ ಅಲ್ಲವೆಂದು ಹೇಳಲು ಹೋಗಿಲ್ಲ.

ಹೋದ ಭಾನುವಾರ ತರಕಾರಿಯೆಲ್ಲ ಮುಗಿದ ಮೇಲೂ ಅವಳು ಫೋನ್ ಇಡಲಿಲ್ಲ. ಅಂಗಳದ ಆ ಸಂಜೆಯ ಸಣ್ಣ ದನಿಯಲ್ಲಿ, "ನೀನಿಲ್ದೆ ಮನೆ ಬಣಬಣ ಅಂತದೆ ಕಣ್ ಮಗ. ಬಿರ್‍ನೆ ಬಾ" ಎಂದಳು.

ಅಷ್ಟು ದೂರದಿಂದ, ಅಷ್ಟು ಮೆಲ್ಲಗೆ. ಬಲಗಿವಿಗೆ ಪೂರ್ತಿ ಕೇಳಿಸಿತು.

"ಕೇಳಿಸ್ಲಿಲ್ಲ ಅಜ್ಜಿ" ಎಂದೆ.

ಈ ಸಲ ಅವಳು ಯಾರನ್ನೂ ಕೂಗಿ ಕರೆಯಲಿಲ್ಲ. "ಕಳ್ಳಿ" ಎಂದು ನಕ್ಕಳು. ಆಮೇಲೆ ಅದನ್ನೇ ಇನ್ನೊಂದು ಸಲ ಹೇಳಿದಳು.